ನೀರು ಎಷ್ಟು ಅಂತ ಕೇಳಿದ ಮಗಳಿಗೆ

ಮಡಿಕೇರಿ
ಜುಲೈ ಮೊದಲ ವಾರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದೆ. ಜರೀಗಿಡಕ್ಕೆ ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು? ಅಮ್ಮ ಕಳಿಸಿದ ತೆರ್ಮೆಯನ್ನು, ಅಂದರೆ ತಿನ್ನುವ ಜರಿಯ ಎಳೆ ಸುರುಳಿಯನ್ನು, ಎಷ್ಟು ಹೊತ್ತು ಬೇಯಿಸಬೇಕು? ಜರಿಯ ಚಿತ್ರ ಬರೆಯುವ ನಿನ್ನ ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಗರಿ ಬುಡದಲ್ಲಿ ಚೆನ್ನಾಗಿ ಮೂಡಿದರೂ ತುದಿ ಯಾಕೆ ಬೋಳಾಗಿರುತ್ತದೆ? ಮೂರಕ್ಕೂ ಒಂದೊಂದು ಅಂಕಿ ಹೇಳಿ ಮುಗಿಸಬಹುದಿತ್ತು. ಆದರೆ ನಾನು ಹೇಳುವ ಅಂಕಿ ಮಡಿಕೇರಿಯದು, ನಿನ್ನ ಕುಂಡ ಇರುವುದು ಬೆಂಗಳೂರಿನ ಬಾಲ್ಕನಿಯಲ್ಲಿ. ಅದಕ್ಕೇ ಅಳತೆ ಬಿಟ್ಟು ಕಾರಣ ಬರೆಯುತ್ತೇನೆ. ಕಾರಣ ತಿಳಿದರೆ ಅಳತೆ ನೀನೇ ಹಾಕಿಕೊಳ್ಳುತ್ತೀಯ.

ಮೊದಲು ನೀರು. ನಮ್ಮ ಮನೆ ಹಿಂದಿನ ಬರೆಯಲ್ಲಿ, ಆ ಕಡಿದಾದ ದಿಬ್ಬದಲ್ಲಿ, ಜರಿ ಹೇಗೆ ಬೆಳೆದಿದೆ, ನೆನಪು ಮಾಡಿಕೋ. ಅಲ್ಲಿ ಮಣ್ಣು ಕಡಿಮೆ, ಕಲ್ಲೇ ಜಾಸ್ತಿ. ನೀರು ಒಂದು ಕಡೆ ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಗಾಳಿ ಮಾತ್ರ ಯಾವಾಗಲೂ ಹಸಿ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ನಿಮ್ಮಲ್ಲಿ ಸಾವಿರದ ಆಸುಪಾಸು. ಆ ವ್ಯತ್ಯಾಸವನ್ನು ಕುಂಡಕ್ಕೆ ನೀರು ಸುರಿದು ತುಂಬಿಸಲು ಆಗುವುದಿಲ್ಲ. ಸುರಿದರೆ ಬೇರು ಕೊಳೆಯುತ್ತದೆ, ಎಲೆ ಒಣಗುವುದು ಒಣಗುತ್ತಲೇ ಇರುತ್ತದೆ. ಎಲೆ ಕಳೆದುಕೊಳ್ಳುವ ತೇವವನ್ನು ತಡೆಯಬೇಕು, ಕೆಲಸ ಇರುವುದು ಅಲ್ಲಿ. ಈಗ ಬೆಂಗಳೂರಿನಲ್ಲಿ ಮೋಡ ಇದ್ದರೂ ಗಾಳಿ ಜೋರು. ನಿನ್ನ ಗಿಡದ ಅಂಚು ಕಂದಾಗಲು ಆ ಗಾಳಿಯೇ ಕಾರಣ ಇರಬೇಕು. ಕುಂಡವನ್ನು ಗೋಡೆಯ ಮರೆಗೆ ತಳ್ಳು. ಗಿಡಗಳನ್ನು ಒತ್ತೊತ್ತಾಗಿ ಇಡು, ಒಂದರ ತೇವ ಇನ್ನೊಂದಕ್ಕೆ ಸಿಗುತ್ತದೆ. ಬಚ್ಚಲುಮನೆಗೆ ಕಿಟಕಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ನೀರು ಹಾಕುವ ಮುಂಚೆ ಬೆರಳನ್ನು ಮಣ್ಣಿಗೆ ತೂರಿಸಿ ನೋಡು. ಮೇಲಿನ ಮಣ್ಣು ಒಣಗಲು ಶುರುವಾಗಿದ್ದರೆ ತಳದಿಂದ ಹರಿದು ಹೋಗುವ ತನಕ ಹಾಕು. ಹಸಿ ಇದ್ದರೆ ಸುಮ್ನೆ ಬಿಟ್ಟುಬಿಡು.

ಅಡಿಯಾಂಟಮ್ ಮಾತ್ರ ಹಟಮಾರಿ. ಕಪ್ಪು ಕೂದಲಿನಂಥ ತೊಟ್ಟು, ಚಿಕ್ಕ ಚಿಕ್ಕ ಎಲೆ, ಅದೇ. ಅದರ ಎಲೆ ಎಷ್ಟು ತೆಳು ಎಂದರೆ, ಒಮ್ಮೆ ಸುರುಟಿದ ಗರಿ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹಾಗಂತ ಗಿಡ ಸತ್ತಿತು ಎಂದು ಎಸೆಯಬೇಡ. ಒಣಗಿದ್ದನ್ನೆಲ್ಲ ಬುಡದ ತನಕ ಕತ್ತರಿಸಿ, ಮಣ್ಣು ಹಸಿಯಾಗಿಟ್ಟರೆ ಒಳಗಿನ ಗೆಡ್ಡೆಯಂಥ ಕಾಂಡದಿಂದ ಹೊಸ ಸುರುಳಿಗಳು ಏಳುತ್ತವೆ. ಇನ್ನೊಂದು ವಿಷಯ. ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗಡಸು ಎಂದು ಹೆದರಿದ್ದೆಯಲ್ಲ, ಅಡಿಯಾಂಟಮ್‌ಗೆ ಆ ಭಯ ಅಷ್ಟಾಗಿ ಬೇಡ. ಹಳೆ ಬಾವಿಗಳ ಒಳಗೋಡೆಯಲ್ಲಿ, ಸುಣ್ಣದ ಗಾರೆಯ ಸಂದಿನಲ್ಲಿ ಬೆಳೆಯುವ ಜಾತಿ ಅದರಲ್ಲಿದೆ. ಸುಣ್ಣ ಅದಕ್ಕೆ ಒಗ್ಗುತ್ತದೆ.

ಆದರೆ ನೀನು ನರ್ಸರಿಯಿಂದ ತಂದ ಹುಳ ಹಿಡಿಯುವ ಡ್ರೊಸೆರಾಗೆ ಆ ನೀರು ವಿಷವೇ ಸರಿ. ಕರಾವಳಿಯ ಮುರಕಲ್ಲಿನ ಬಯಲಿನಲ್ಲಿ ಮಳೆಗಾಲಕ್ಕೆ ಡ್ರೊಸೆರಾ ಏಳುತ್ತದೆ. ಅಂಟಿನ ಹನಿ ಹೊತ್ತ ಕೆಂಪು ಕೂದಲಿನ ಪುಟ್ಟ ಗಿಡ. ಆ ಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಗಿಡ ಹುಳ ಹಿಡಿಯುವುದನ್ನು ಕಲಿತಿದೆ. ಉಪ್ಪಿಲ್ಲದ ನೀರಿಗೆ ಒಗ್ಗಿದ ಬೇರು ಅದರದು. ಮಳೆನೀರು ಹಿಡಿದು ಕೊಡು, ಇಲ್ಲವೇ ಆರ್‌ಒ ನೀರು. ಆರ್‌ಒ ಹೊರಗೆ ಬಿಡುವ ನೀರನ್ನು ಅಪ್ಪಿತಪ್ಪಿಯೂ ಹಾಕಬೇಡ, ಉಪ್ಪೆಲ್ಲ ಸೇರುವುದು ಅದರಲ್ಲೇ. ಗೊಬ್ಬರ ಬೇಡವೇ ಬೇಡ. ನೋಡು, ಎರಡು ಕುಂಡ ಪಕ್ಕಪಕ್ಕ ಇದ್ದರೂ ಒಂದಕ್ಕೆ ಸರಿ ಹೋಗುವ ನೀರು ಇನ್ನೊಂದನ್ನು ಕೊಲ್ಲುತ್ತದೆ. ವಾರಕ್ಕೆ ಎಷ್ಟು ಸಲ ಎಂಬ ಒಂದು ಉತ್ತರ ನನ್ನ ಹತ್ತಿರ ಇಲ್ಲದಿರುವುದು ಇದಕ್ಕೇ.

ಹಲಗೆಗೆ ಕಟ್ಟಿದ ಸ್ಟ್ಯಾಗ್‌ಹಾರ್ನ್ ಜರಿಯ ಫೋಟೋ ಕಳಿಸಿದ್ದೆ. ಬುಡದಲ್ಲಿ ತಟ್ಟೆಯಂಥ ಎಲೆ ಕಂದಾಗಿದೆ, ಕತ್ತರಿಸಲಾ ಎಂದು ಕೇಳಿದ್ದೆ. ಕತ್ತರಿಸಬೇಡ! ಆ ಎಲೆ ಇರುವುದೇ ಒಣಗಿ ಅಲ್ಲೇ ಉಳಿಯುವುದಕ್ಕೆ. ಮೇಲಿನಿಂದ ಬೀಳುವ ತರಗೆಲೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅದು ಕೊಳೆತು ಗೊಬ್ಬರವಾಗುತ್ತದೆ, ನೀರನ್ನೂ ಹಿಡಿಯುತ್ತದೆ, ಬೇರು ಅದರೊಳಗೇ ಓಡಾಡುತ್ತದೆ. ಆ ಗಿಡ ಆಸ್ಟ್ರೇಲಿಯಾ ಕಡೆಯದು. ಆದರೆ ಇದೇ ಉಪಾಯವನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ನಮ್ಮ ಕಾಫಿ ತೋಟದ ನೆರಳಿನ ಮರಗಳ ಮೇಲೆ, ಕವಲಿನಲ್ಲಿ, ಕಂದು ಎಲೆಗಳ ಬುಟ್ಟಿ ಕಟ್ಟಿಕೊಂಡು ಕೂರುವ ಜರಿ ಇದೆಯಲ್ಲ? ಅದರ ಹೆಸರು ಡ್ರೈನೇರಿಯಾ. ಅದರಲ್ಲೂ ಎರಡು ಥರದ ಎಲೆ: ಬುಡದಲ್ಲಿ ಗಿಡ್ಡ ಕಂದು ಎಲೆ ಕಸ ಹಿಡಿಯಲು, ಮೇಲೆ ಉದ್ದನೆಯ ಹಸಿರು ಗರಿ ಬಿಸಿಲು ಹಿಡಿಯಲು. ಇವತ್ತು ಮಳೆ ಸ್ವಲ್ಪ ನಿಂತಾಗ ಹೋಗಿ ನೋಡಿದೆ, ಒಂದೊಂದು ಬುಟ್ಟಿಯಲ್ಲೂ ಹೊಸ ಚಿಗುರು ಬಂದಿದೆ.

ಇನ್ನು ಎಲೆಯಡಿಯ ಕಂದು ಚುಕ್ಕಿಗಳು. ಬೇವಿನೆಣ್ಣೆ ಸಿಂಪಡಿಸಲು ಹೊರಟಿದ್ದೀಯ ಎಂದು ಅಮ್ಮ ಹೇಳಿದಳು. ತಡಿ. ಸಾಲಾಗಿ, ಒಂದೇ ಅಳತೆಯಲ್ಲಿ, ಲೆಕ್ಕ ಹಾಕಿ ಇಟ್ಟಂತೆ ಇದ್ದರೆ ಅದು ರೋಗವೂ ಅಲ್ಲ ಕೀಟವೂ ಅಲ್ಲ. ಅದರೊಳಗೆ ಇರುವುದು ಬೀಜಕ. ಜರಿಗೆ ಹೂವಿಲ್ಲ, ಬೀಜವಿಲ್ಲ, ಈ ಧೂಳೇ ಎಲ್ಲ. ಇದರ ಕತೆ ನನಗೆ ಇನ್ನಿಲ್ಲದಷ್ಟು ಇಷ್ಟ, ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡಿಕೊಳ್ಳಬೇಡ.

ಬೀಜಕ ಬಿದ್ದ ಕಡೆ ಜರಿ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಕೆಲವೇ ಮಿಲಿಮೀಟರಿನ, ಹೃದಯದ ಆಕಾರದ, ನೆಲಕ್ಕೆ ಅಂಟಿದ ಹಸಿರು ಪೊರೆ. ಅದು ಬೇರೆಯೇ ಒಂದು ಗಿಡ, ತನ್ನ ಪಾಡಿಗೆ ತಾನು ಬದುಕುತ್ತದೆ. ಅದರ ಅಡಿಭಾಗದಲ್ಲಿ ಗಂಡು ಕಣವೂ ಹೆಣ್ಣು ಕಣವೂ ಬೆಳೆಯುತ್ತವೆ. ಗಂಡು ಕಣ ಹೆಣ್ಣನ್ನು ಸೇರಬೇಕಾದರೆ ಈಜಿಯೇ ಹೋಗಬೇಕು. ಒಂದು ತೆಳು ನೀರಿನ ಪದರ ಸಾಕು, ಆದರೆ ಅದು ಇರಲೇಬೇಕು. ಅವು ಕೂಡಿದ ಮೇಲೆ ನಮಗೆ ಗೊತ್ತಿರುವ ಜರಿ ಹುಟ್ಟುತ್ತದೆ. ಜರಿಗೂ ಮಳೆಗೂ ಇರುವ ನಂಟು ಬಾಯಾರಿಕೆಯದಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ನೀರಿಲ್ಲದೆ ಅದರ ಮದುವೆಯೇ ಆಗುವುದಿಲ್ಲ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಚುಕ್ಕಿ ಕಂದಾದ ಎಲೆಯ ತುಂಡನ್ನು ಬಿಳಿ ಕಾಗದದ ಮಧ್ಯೆ ಮಡಚಿಡು. ಒಂದೆರಡು ದಿನದಲ್ಲಿ ಕಂದು ಪುಡಿ ಉದುರಿರುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ಕೋಕೋಪೀಟ್ ಹಾಕಿ, ಮೇಲೆ ಕುದಿಯುವ ನೀರು ಸುರಿ. ಇಲ್ಲದಿದ್ದರೆ ಬೂಸ್ಟು, ಪಾಚಿ ಮೊದಲು ಬಂದು ಜಾಗ ಹಿಡಿಯುತ್ತವೆ. ಪೂರ್ತಿ ಆರಿದ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿ ಮುಚ್ಚಳ ಹಾಕು. ಬೆಳಕು ಬೇಕು, ನೇರ ಬಿಸಿಲು ಬೇಡ. ಕೆಲವು ವಾರಕ್ಕೆ ಹಸಿರು ಮಬ್ಬು ಕಾಣುತ್ತದೆ, ಆಮೇಲೆ ಪೊರೆ. ಆಗ ಶುದ್ಧ ನೀರನ್ನು ಮಂಜಿನಂತೆ ಸಿಂಪಡಿಸು, ಯಾಕೆಂದು ಈಗ ನಿನಗೆ ಗೊತ್ತು. ಮೊದಲ ಪುಟ್ಟ ಗರಿಗೆ ತಿಂಗಳುಗಟ್ಟಲೆ ಕಾಯಬೇಕು. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಕೋಶವೊಂದನ್ನು ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಅದರೊಳಗಿನ ಮಣ್ಣಿನಲ್ಲಿ ತಾನಾಗಿಯೇ ಜರಿ ಚಿಗುರಿತು. ಹೊಗೆ ತುಂಬಿದ ಆ ಊರಿನಲ್ಲಿ ಅವರ ತೋಟದ ಜರಿಗಳು ಬದುಕುತ್ತಿರಲಿಲ್ಲ, ಬಾಟಲಿಯದು ಬದುಕಿತು. ಆ ಉಪಾಯದಿಂದ ಬಂದ ಗಾಜಿನ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಗಿಡಗಳು ಹಡಗು ಹತ್ತಿ ಭಾರತಕ್ಕೆ ಬಂದವು. ನಿನ್ನ ಪ್ಲಾಸ್ಟಿಕ್ ಡಬ್ಬಿಯೂ ಆ ಪೆಟ್ಟಿಗೆಯ ವಂಶದ್ದೇ.

ಈಗ ನಿನ್ನ ಪ್ರೋಗ್ರಾಂ. ನೀನು ಕಳಿಸಿದ್ದನ್ನು ನಿನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಬ್ರಿಟಿಷ್ ಗಣಿತಜ್ಞ ಮೈಕೇಲ್ ಬಾರ್ನ್‌ಸ್ಲಿ 1988ರಲ್ಲಿ ತೋರಿಸಿಕೊಟ್ಟ ಜರಿ ಅದು. ಒಂದು ಚುಕ್ಕಿ, ನಾಲ್ಕು ನಿಯಮ. ಪ್ರತಿ ಸಲ ಚೀಟಿ ಎತ್ತಿದಂತೆ ಒಂದು ನಿಯಮ ಆರಿಸಿ ಚುಕ್ಕಿಯನ್ನು ಸರಿಸಬೇಕು, ಅಲ್ಲೊಂದು ಗುರುತು ಹಾಕಬೇಕು, ಅಷ್ಟೆ. ನಿನ್ನ ನಿಯಮಗಳೆಲ್ಲ ಸರಿಯಾಗಿವೆ. ಆದರೆ ನಾಲ್ಕಕ್ಕೂ ಸಮನಾಗಿ 25 ಪರ್ಸೆಂಟ್ ಅವಕಾಶ ಕೊಟ್ಟಿದ್ದೀಯ. ಬಾರ್ನ್‌ಸ್ಲಿ ಕೊಟ್ಟದ್ದು 85, 7, 7, 1. ಆ 85ರ ನಿಯಮವೇ ಚುಕ್ಕಿಯನ್ನು ಮೇಲಕ್ಕೆ ಒಯ್ಯುವುದು. ಎರಡು 7ಗಳು ಎಡ ಬಲದ ಎಲೆಗೆ, ಒಂದು ಪರ್ಸೆಂಟ್ ತೊಟ್ಟಿಗೆ. ತುದಿಯ ಹತ್ತಿರ ಹೋಗಬೇಕಾದರೆ ಮೇಲಕ್ಕೆ ಒಯ್ಯುವ ನಿಯಮ ಸುಮಾರು ಹತ್ತು ಸಲ ಸತತವಾಗಿ ಬರಬೇಕು. 85 ಪರ್ಸೆಂಟ್ ಇದ್ದರೆ ಐದರಲ್ಲಿ ಒಮ್ಮೆ ಹಾಗಾಗುತ್ತದೆ. 25 ಇದ್ದರೆ ಹತ್ತು ಲಕ್ಷದಲ್ಲಿ ಒಮ್ಮೆ! ನಾಲ್ಕನ್ನು ಹತ್ತು ಸಲ ಗುಣಿಸಿ ನೋಡು, 10,48,576 ಬರುತ್ತದೆ.

ಇದರಲ್ಲಿ ಚೆಂದದ ಸಂಗತಿ ಏನು ಗೊತ್ತಾ? ಸಮನಾಗಿ ಹಂಚಿದರೂ ಜರಿಯ ಆಕಾರ ಬದಲಾಗುವುದಿಲ್ಲ. ಬೇಕಾದಷ್ಟು ಕಾಲ ಓಡಲು ಬಿಟ್ಟರೆ ಅದೇ ಗರಿ ಮೂಡುತ್ತದೆ. ಆಕಾರವನ್ನು ನಿಯಮ ತೀರ್ಮಾನಿಸುತ್ತದೆ, ಎಲ್ಲಿ ಬೇಗ ತುಂಬಬೇಕು ಎಂಬುದನ್ನು ಅವಕಾಶ ತೀರ್ಮಾನಿಸುತ್ತದೆ. 85 ಎಂದು ಸುಮ್ಮನೆ ನಕಲು ಮಾಡಿದ್ದರೆ ಚಿತ್ರ ಮೊದಲ ಸಲವೇ ಸರಿ ಬರುತ್ತಿತ್ತು, ಇದು ಗೊತ್ತೇ ಆಗುತ್ತಿರಲಿಲ್ಲ. ಇನ್ನೊಂದು ಮಾಡಿ ನೋಡು: ಮೇಲಕ್ಕೆ ಒಯ್ಯುವ ನಿಯಮದಲ್ಲಿರುವ 0.04 ಮತ್ತು -0.04 ಎರಡನ್ನೂ ಸೊನ್ನೆ ಮಾಡು. ಬಾಗಿದ ಗರಿ ನೆಟ್ಟಗಾಗಿಬಿಡುತ್ತದೆ. ಚಿಹ್ನೆ ಅದಲುಬದಲು ಮಾಡಿದರೆ ಆಚೆ ಕಡೆಗೆ ಬಾಗುತ್ತದೆ.

ನಾಲ್ಕು ಸಾಲಿನಲ್ಲಿ ಜರಿ ಬರೆಯುವ ನಿನಗೆ ಇದೂ ಖುಷಿ ಕೊಡಬಹುದು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಮಿಸಿಪ್ಟೆರಿಸ್ ಎಂಬ ಸಣ್ಣ ಜರಿಯ ಜೀನೋಮನ್ನು, ಅಂದರೆ ಅದರ ಇಡೀ ಡಿಎನ್‌ಎಯನ್ನು, 2024ರಲ್ಲಿ ಅಳೆದರು. 16,000 ಕೋಟಿ ಅಕ್ಷರ. ಮನುಷ್ಯರದು ಸುಮಾರು 300 ಕೋಟಿ. ಅಷ್ಟು ಉದ್ದದ ಕೋಡ್ ಹೊತ್ತುಕೊಂಡು ಅದು ಮರದ ಬುಡದಲ್ಲಿ ಬೆಳೆಯುತ್ತದೆ.

ಇನ್ನು ಅಡುಗೆ. ತೆರ್ಮೆಯನ್ನು ಹಸಿಯಾಗಿ ಸಲಾಡ್ ಮಾಡಬೇಡ, ಅಷ್ಟು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಜರಿಗಳಲ್ಲಿ ಬಿ1 ವಿಟಮಿನ್ನನ್ನು ಒಡೆಯುವ ಅಂಶ ಇರುತ್ತದೆ, ಬೆಂದರೆ ಅದು ಕೆಡುತ್ತದೆ. ಸುರುಳಿಯ ಮೇಲಿನ ಕಂದು ಹೊಟ್ಟನ್ನು ನೀರಿನಲ್ಲಿ ತಿಕ್ಕಿ ತೆಗೆ. ಸಾಸಿವೆ, ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ ಒಗ್ಗರಣೆಗೆ ಹಾಕಿ ಬಾಡಿಸು. ದಂಟು ಉಗುರಿಗೆ ಸುಲಭವಾಗಿ ಸಿಗುವ ತನಕ ಬೇಯಿಸು. ಲೋಳೆ ಬಿಡುತ್ತದೆ, ಅದಕ್ಕೆ ಕೊನೆಯಲ್ಲಿ ಮುಚ್ಚಳ ತೆಗೆದಿಡು. ಕಾಯಿತುರಿ ಹಾಕಿ ಇಳಿಸಿ, ಅಕ್ಕಿರೊಟ್ಟಿ ಜೊತೆ ತಿನ್ನು. ಬೈಂಬಳೆಯನ್ನೂ, ಅದೇ ಎಳೆ ಬಿದಿರನ್ನು, ಕಳಿಸುತ್ತೇವೆ. ಅದನ್ನು ತೆಳ್ಳಗೆ ಹೆಚ್ಚಿ, ನೀರು ಬದಲಾಯಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಲೇಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಇದೆ, ಹೆಚ್ಚಿದಾಗ ಅದು ಒಡೆಯುತ್ತದೆ, ನೀರಿನಲ್ಲಿ ಮತ್ತು ಬಿಸಿಗೆ ಹೋಗುತ್ತದೆ. ನಿನ್ನ ಅಜ್ಜಿ ಈ ಹೆಸರೆಲ್ಲ ಕೇಳಿದವರಲ್ಲ, ಆದರೆ ನೀರು ಬದಲಾಯಿಸುವುದನ್ನು ಒಂದು ದಿನವೂ ಬಿಟ್ಟವರಲ್ಲ.

ಸುರುಳಿ ಕಂಡ ಜರಿಯೆಲ್ಲ ತೆರ್ಮೆ ಅಲ್ಲ, ನೆನಪಿರಲಿ. ತೆರ್ಮೆ ತೋಡಿನ ಪಕ್ಕ, ಜೌಗಿನಲ್ಲಿ ಬೆಳೆಯುವುದು. ಬಯಲು ಗುಡ್ಡದಲ್ಲಿ ಹಬ್ಬುವ ಬ್ರ್ಯಾಕನ್ ಜರಿ ತಿಂದ ದನಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬರಬಹುದು. ಹಳೆ ಗಾರೆ ಗೋಡೆಯ ಮೇಲೆ ಬರುವ ಟೆರಿಸ್ ಜರಿ ಮಣ್ಣಿನ ಆರ್ಸೆನಿಕ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ. 2001ರಲ್ಲಿ ಅದು ಗೊತ್ತಾದ ಮೇಲೆ ಕೆಟ್ಟ ಮಣ್ಣನ್ನು ತೊಳೆಯಲು ಅದನ್ನು ಬಳಸುತ್ತಾರೆ. ಎಷ್ಟು ಉಪಕಾರದ ಗಿಡವೋ ಬಾಣಲೆಗೆ ಅಷ್ಟೇ ಅಪಾಯ. ಗುರುತು ಸಿಗದ ಜರಿಯನ್ನು ಕುಂಡದಲ್ಲಿ ನೋಡಿ ಸಂತೋಷಪಡು, ಅಡುಗೆಮನೆಗೆ ತರಬೇಡ.

ಮತ್ತೆ, ಗೆಳತಿಯರ ಜೊತೆ ಟ್ರೆಕ್ಕಿಂಗ್ ಹೋದಾಗ ಕಾಡಿನಿಂದ ಗಿಡ ಕೀಳಬೇಡ. ಮರಜರಿಯ ಕಾಂಡದ ತುಂಡನ್ನು ಆರ್ಕಿಡ್ ಕಟ್ಟಲು ಮಾರುವವರಿದ್ದರೆ ಕೊಳ್ಳಬೇಡ. ಆಳೆತ್ತರಕ್ಕೆ ಬೆಳೆಯಲು ಅದಕ್ಕೆ ಎಷ್ಟೋ ವರ್ಷ ಬೇಕು, ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅದರ ಮೇಲೆ ನಿರ್ಬಂಧ ಇದೆ. ತೆಂಗಿನ ಸಿಪ್ಪೆ, ಇದ್ದಿಲು ಸಾಕು. ಎಲೆಯ ಒಂದು ತುಂಡಿನಲ್ಲಿ ಸಾವಿರಾರು ಬೀಜಕ ಇರುವಾಗ ಗಿಡವನ್ನೇ ಕಿತ್ತು ತರುವುದು ನನ್ನಿಂದ ನೋಡಲಾಗುವುದಿಲ್ಲ.

ಕಕ್ಕಡ ತಿಂಗಳ ಹದಿನೆಂಟನೇ ದಿನ, ನಾವು ಮದ್ದುಸೊಪ್ಪಿನ ಪಾಯಸ ಮಾಡುವ ದಿನ, ಆಗಸ್ಟ್ 3ಕ್ಕೆ ಬರುತ್ತದೆ. ಹಿತ್ತಲ ನೆರಳಿನಲ್ಲಿ ಮದ್ದುಸೊಪ್ಪು ಸೊಂಪಾಗಿ ಬಂದಿದೆ. ಕುದಿಸಿದಾಗ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಚಿಕ್ಕವಳಿದ್ದಾಗ ಕುರ್ಚಿ ಹತ್ತಿ ನೋಡುತ್ತಿದ್ದೆ. ಈ ಸಲ ಪಾಯಸ ನೀನೇ ಮಾಡು, ಅಮ್ಮ ಜೇನು ಎತ್ತಿಟ್ಟಿದ್ದಾಳೆ. ಹೋಗುವಾಗ ಕೆಲವು ಕಡ್ಡಿ ಕತ್ತರಿಸಿ ಕೊಡುತ್ತೇನೆ, ನೆಡಲು ಬಾಲ್ಕನಿಯಲ್ಲಿ ನೆರಳಿನ ಮೂಲೆ ನೋಡಿಡು. ಬಸ್ ಟಿಕೆಟ್ ಈಗಲೇ ಮಾಡಿಸಿಕೋ, ಆ ವಾರ ಸೀಟು ಸಿಗುವುದು ಕಷ್ಟ.

ಪ್ರೀತಿಯಿಂದ,
ಅಪ್ಪ