ನೋವಿನ ಗುಳಿಗೆ ಕೊಡುವ ಮುಂಚೆ

ಚಿ. ಬಸವರಾಜನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಶಹಾಪುರದಲ್ಲಿ ಮೆಡಿಕಲ್ ಅಂಗಡಿ ತೆರೆದದ್ದು ಕೇಳಿ ಸಂತೋಷವಾಯಿತು. ತೊಗರಿ ರಾಶಿ ಶುರುವಾದರೆ ಟೊಂಕನೋವು, ಮೊಣಕಾಲು ನೋವು ಅಂತ ಹಿರಿಯರು ನಿನ್ನ ಹತ್ತಿರ ಬರ್ತಾರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಅನ್ನುವ ನೋವಿನ ಗುಳಿಗೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಲೇಬೇಡ. ಚೀಟಿ ತಂದವರನ್ನೂ ಕೇಳು: ವಯಸ್ಸು 65 ದಾಟಿದೆಯೇ, ಹಿಂದೆ ಹೊಟ್ಟೆಹುಣ್ಣಾಗಿ ರಕ್ತ ಹೋಗಿತ್ತೇ, ಹೃದಯಕ್ಕೆ ಅಂತ ದಿನಾ ಏನು ನುಂಗುತ್ತೀರಿ? ಈ ಕೊನೆಯದನ್ನು ಒತ್ತಿ ಕೇಳಬೇಕು. 75 ಮಿಲಿಗ್ರಾಂ ಆಸ್ಪಿರಿನ್ನಿನ ಸಣ್ಣ ಗುಳಿಗೆಯನ್ನು ಎಷ್ಟೋ ಮಂದಿ ಔಷಧದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದರ ಮೇಲೆ ನೋವಿನ ಗುಳಿಗೆ ಬಿದ್ದರೆ, ಜೊತೆಗೆ ಸ್ಟಿರಾಯ್ಡ್ ಕಲಸಿದ ಪುಡಿಕೆ ಸೇರಿದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಹಲವು ಪಟ್ಟು. ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನುವ, ಹುಣ್ಣು ಮಾಡುವ ಬ್ಯಾಕ್ಟೀರಿಯಾ ಇದ್ದವರಿಗೆ ಇನ್ನೂ ಹೆಚ್ಚು.

ಊಟದ ಮೇಲೆ ತಗೊಂಡರೆ ಏನೂ ಆಗಲ್ಲ ಅನ್ನುವುದು ತಪ್ಪು. ಜಠರದ ಒಳಪದರವನ್ನು ಕಾಯುವ ಲೋಳೆ ಹುಟ್ಟದ ಹಾಗೆ ಔಷಧ ರಕ್ತದ ಮೂಲಕವೇ ತಡೆಯುತ್ತದೆ. ಇಂಜೆಕ್ಷನ್ ಕೊಟ್ಟರೂ ಅಷ್ಟೇ. ಆ್ಯಂಟಾಸಿಡ್ ಸಿರಪ್ ಉರಿ ಇಳಿಸೀತು, ಹುಣ್ಣು ತಡೆಯದು. ನೋವಿನ ಗುಳಿಗೆ ಬೇಕೇಬೇಕಾದವರಿಗೆ ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಬರೆಯಲು ಡಾಕ್ಟರಿಗೆ ನೆನಪಿಸು, ನಾಷ್ಟಾಕ್ಕೆ ಅರ್ಧ ತಾಸು ಮುಂಚೆ. ಉಳಿದವರಿಗೆ ಪ್ಯಾರಾಸಿಟಮಾಲ್ ಸಾಕು.

ಮುಖ್ಯ ಮಾತು ಇದು. ನೋವಿನ ಗುಳಿಗೆಯಿಂದಾದ ಹುಣ್ಣು ವಯಸ್ಸಾದವರಲ್ಲಿ ಬಹಳ ಸಲ ನೋಯುವುದೇ ಇಲ್ಲ. ಮೊದಲು ಕಾಣುವುದು ಸಂಡಾಸ: ಡಾಂಬರಿನಂತೆ ಕರ್ರಗೆ, ಅಂಟಂಟಾಗಿ, ಕೆಟ್ಟ ನಾತ. ಕಬ್ಬಿಣದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ಕಾಫಿ ಪುಡಿಯಂಥ ವಾಂತಿ, ಎದ್ದರೆ ತಲೆ ತಿರುಗುವುದು, ತಣ್ಣನೆ ಬೆವರು ಕಂಡರೆ 108ಕ್ಕೆ ಫೋನ್ ಮಾಡಿಸು. ಬೆಳಗಾಗಲಿ ಅಂತ ಕಾಯಿಸಬೇಡ, ಬಾಯಿಗೆ ಏನೂ ಕೊಡಬೇಡ. ಹಿಮೋಗ್ಲೋಬಿನ್ 12 ಬಂತು ಅಂತ ಯಾರಾದರೂ ಮನೆಗೆ ಹೊರಟರೆ ತಡೆ: ರಕ್ತ ಹೋದ ಮೊದಲ ತಾಸುಗಳಲ್ಲಿ ಅಂಕಿ ಇಳಿದಿರುವುದಿಲ್ಲ. ನಾಡಿ 100 ದಾಟಿದ್ದು, ಮೇಲಿನ ಬಿಪಿ 100ಕ್ಕಿಂತ ಕೆಳಗಿಳಿದದ್ದು ನಿಜ ಹೇಳುತ್ತದೆ. ಬಿಪಿಗೆ ಅಟೆನೊಲಾಲ್ ನುಂಗುವವರಲ್ಲಿ ನಾಡಿಯೂ ಮೋಸ ಮಾಡುತ್ತದೆ, ಆ ಗುಳಿಗೆ ಅದನ್ನು ಏರಲು ಬಿಡುವುದಿಲ್ಲ.

ಜೇವರ್ಗಿ ದಾಟಿ ಕಲಬುರಗಿಗೆ ಬಂದರೂ ಸರಿ, 24 ತಾಸಿನೊಳಗೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡುವ ಪರೀಕ್ಷೆ, ಆಗಬೇಕು. ರಕ್ತ ಚಿಮ್ಮುತ್ತಿದ್ದ ಹುಣ್ಣನ್ನು ಹಾಗೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಒಸರುತ್ತದೆ. ಹುಣ್ಣಿನ ತಳ ಶುಭ್ರವಾಗಿದ್ದರೆ ನೂರರಲ್ಲಿ ಐದು ಮಂದಿಗೆ. ಮತ್ತೆ ಒಸರುವುದು ಹೆಚ್ಚಾಗಿ ಮೊದಲ 72 ತಾಸಿನಲ್ಲೇ, ಅದಕ್ಕೇ ಬೇಗ ಡಿಸ್ಚಾರ್ಜ್ ಕೇಳಬಾರದು. ಸಾಯುವವರಲ್ಲಿ ಹೆಚ್ಚಿನವರು ಬರೀ ರಕ್ತ ಹೋಗಿ ಸಾಯುವುದಿಲ್ಲ. ಮೊದಲೇ ಸೋತ ಹೃದಯ, ಕಿಡ್ನಿ, ಲಿವರ್ ಆ ಹೊಡೆತ ತಾಳುವುದಿಲ್ಲ.

ವಾಸಿಯಾಗಿ ಊರಿಗೆ ಬಂದವರು ನೋವಿನ ಗುಳಿಗೆಯ ಹಳೇ ಸ್ಟ್ರಿಪ್ ಹಿಡಿದು ನಿನ್ನ ಗಲ್ಲೆಯ ಮುಂದೆಯೇ ಮತ್ತೆ ನಿಲ್ಲುತ್ತಾರೆ. ಕೊಡಬೇಡ. ಎಚ್. ಪೈಲೋರಿಯ 14 ದಿನದ ಕೋರ್ಸ್ ಮುಗಿಸಿದ್ದಾರೆಯೇ ನೋಡು. ಹೃದಯದ ಆಸ್ಪಿರಿನ್ ತಾವಾಗಿಯೇ ಬಿಟ್ಟಿದ್ದರೆ ಅಂದೇ ಡಾಕ್ಟರ ಹತ್ತಿರ ಕಳಿಸು, ಅದನ್ನು ಬಿಟ್ಟೇ ಬಿಟ್ಟರೆ ಹಾರ್ಟ್ ಅಟ್ಯಾಕ್ ಬರಬಹುದು.

ನಿನ್ನ ಕಾಕಾ
ಕಲಬುರಗಿ