ಮಸ್ಕತ್‌ನಿಂದ, ಮೊದಲು ಅಪ್ಪನ ಕಾಲಿನ ವಿಷಯ

ಮಸ್ಕತ್
12-12-2025, ಶುಕ್ರವಾರ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ನಾವು ಮೂವರೂ ಕ್ಷೇಮ. ನೀವೂ ಕ್ಷೇಮ ಅಂತ ನಂಬಿದ್ದೇವೆ ಅಂತ ಬರೆಯೋದು ವಾಡಿಕೆ, ಈ ಸಲ ಕೈ ಬರುತ್ತಿಲ್ಲ. ಅಮ್ಮ, ನಿನ್ನ ಕಾಗದವನ್ನು ಚೇತು ಫೋಟೋ ತೆಗೆದು ಕಳಿಸಿದ. ಎರಡು ಹಾಳೆ ತುಂಬ ಪುಟ್ಟಿಯ ವಿಚಾರ. ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ಒಂದು ಸಾಲು: ಅಪ್ಪನ ಕಾಲಿನ ಗಾಯ ಇನ್ನೂ ಹಾಗೇ ಇದೆ, ನೀನು ಗಾಬರಿಯಾಗಬೇಡ. ಗಾಬರಿಯಾಗಬೇಡ ಅಂತ ನೀನು ಬರೆದರೆ ಆಗಲೇಬೇಕು ಅಂತಲೇ ಅರ್ಥ. ಇಷ್ಟು ವರ್ಷ ನಿನ್ನ ಮಗಳಾಗಿದ್ದೇನೆ, ಅಷ್ಟೂ ಗೊತ್ತಾಗೋದಿಲ್ವಾ?

ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ "ಹೂಂ, ಹೂಂ, ಪುಟ್ಟಿಗೆ ಹಲ್ಲೆಷ್ಟು ಬಂತು" ಅಂತ ಮಾತು ತಿರುಗಿಸಿ, ಫೋನ್ ನಿನ್ನ ಕೈಗೆ ಕೊಟ್ಟು ಅಂಗಳಕ್ಕೆ ಇಳಿದುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಚೇತು ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಬೇಕು. ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿದರೂ ಪರವಾಗಿಲ್ಲ, ಓದಲಿ.

ಹೋದ ಶುಕ್ರವಾರ ಏನಾಯ್ತು ಗೊತ್ತಾ? ಅಪ್ಪ ವಿಡಿಯೋ ಕಾಲ್ ಹಿಡಿದರೆ ನಮಗೆ ಕಾಣೋದು ಒಂದೋ ಮಾಡಿನ ಹೆಂಚು, ಇಲ್ಲಾ ಅವರ ಒಂದು ಕಿವಿ. ಅವತ್ತು ಪುಟ್ಟಿ ಕೈ ಬೀಸಿದಳು ಅನ್ನೋ ಖುಷಿಯಲ್ಲಿ ಫೋನನ್ನು ಮೊಣಕಾಲಿನ ಮೇಲೆ ಇಳಿಸಿಬಿಟ್ಟರು. ಪರದೆ ತುಂಬ ಎಡಗಾಲು. ಹೆಬ್ಬೆರಳಿನ ಬುಡಕ್ಕೆ ಹಳೇ ಪಂಚೆಯ ಬಟ್ಟೆ ಸುತ್ತಿದೆ. ಬಟ್ಟೆ ತುಂಬ ಅರಿಶಿನ, ನಡುವೆ ರೂಪಾಯಿ ಅಗಲ ಒದ್ದೆ. ಇವರೂ ನೋಡಿದರು. ಇಬ್ಬರಿಗೂ ಮಾತು ಹೊರಡಲಿಲ್ಲ. ಅಷ್ಟರಲ್ಲಿ ನೀನು ಫೋನ್ ಕಿತ್ತುಕೊಂಡು ಅಡುಗೆಮನೆಗೆ ಹೋದೆ.

ಅದಕ್ಕೆ ಬರುತ್ತೇನೆ. ಮೊದಲು ನೀನು ಕೇಳಿದ್ದಕ್ಕೆಲ್ಲ ಉತ್ತರ. ಇಲ್ಲದಿದ್ದರೆ ಮಗುವಿನ ವಿಷಯ ಒಂದಕ್ಷರ ಇಲ್ಲ ಅಂತ ಮುಖ ಊದಿಸಿಕೊಳ್ಳುತ್ತೀಯ.

ಮುಂದಿನ ತಿಂಗಳು ಪುಟ್ಟಿಗೆ ವರ್ಷ ತುಂಬುತ್ತದೆ. ಹಲ್ಲು ಆರು. ಸೋಫಾ ಹಿಡಿದು ನಡೆಯುತ್ತಾಳೆ, ಕೈ ಬಿಟ್ಟರೆ ದೊಪ್ಪನೆ ಕೂರುತ್ತಾಳೆ. ಕೂತಿದ್ದು ತನ್ನದೇ ಇಷ್ಟದಿಂದ ಅನ್ನೋ ಹಾಗೆ ನಮ್ಮ ಮುಖ ನೋಡುತ್ತಾಳೆ, ಥೇಟ್ ಸಾವಿತ್ರತ್ತೆ. ರಾಗಿ ಮಣ್ಣಿ ಬೇಕು, ಬೇಳೆಕಟ್ಟು ಬೇಡ. ನೀರಿಗೆ "ವೆಳ್ಳಂ" ಅನ್ನುತ್ತಾಳೆ. ನಗಬೇಡ. ಕೆಳಗಿನ ಮನೆಯ ಮಲಯಾಳಿ ಚೇಚಿ ಹತ್ತಿರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇರೋ ಮಗು ಮತ್ತಿನ್ನೇನು ಕಲಿಯಬೇಕು? ಅಮ್ಮನಿಗೆ ಮಲಯಾಳದಲ್ಲೂ ಅಮ್ಮ ಅಂತಲೇ ಅನ್ನುತ್ತಾರೆ, ಹಾಗಾಗಿ ಅದು ಮಾತ್ರ ನನ್ನ ಪಾಲಿಗೆ ಉಳಿದಿದೆ. ರಾತ್ರಿ ಇವರು ಎತ್ತಿಕೊಂಡು "ನೀರು, ನೀರು" ಅಂತ ಪಾಠ ಮಾಡುತ್ತಾರೆ. ಅವಳು ಲೋಟ ನೋಡಿ "ವೆಳ್ಳಂ" ಅನ್ನುತ್ತಾಳೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಂಥ ವಿದ್ಯಾರ್ಥಿ ಇದುವರೆಗೆ ಸಿಕ್ಕಿರಲಿಲ್ಲವಂತೆ.

ಚೇಚಿ ಒಳ್ಳೆಯವಳು, ಮತ್ತೆ ಮತ್ತೆ ಕೇಳಬೇಡ. ನೀನು ಏಪ್ರಿಲ್‌ನಲ್ಲಿ ವಾಪಸ್ ಹೊರಟ ಮೇಲೆ ಮೊದಲ ಒಂದು ವಾರ ಕಷ್ಟ ಆಗಿದ್ದು ನಿಜ. ಇಲ್ಲಿ ಒಮಾನ್‌ನಲ್ಲಿ ಹೆರಿಗೆ ರಜೆ 98 ದಿನ, 2023ರಲ್ಲಿ ಬಂದ ಹೊಸ ಕಾನೂನಿನಿಂದ. ಅಪ್ಪಂದಿರಿಗೆ 7 ದಿನ. ಊರಿನಲ್ಲಿ ಸರ್ಕಾರಿ ಶಾಲೆಯ ನಮ್ಮ ಸುಮಾಳಿಗೆ 180 ದಿನ ಸಿಕ್ಕಿತು ಅಂತ ನೀನು ನಾಲ್ಕು ಸಲ ಹೇಳಿದ್ದೀಯ, ಲೆಕ್ಕ ಇಟ್ಟಿದ್ದೇನೆ. ಇಲ್ಲಿ ಅದರ ಮೇಲೆ ದಿನಕ್ಕೆ ಒಂದು ಗಂಟೆ ಮಗುವಿಗಾಗಿ ಬಿಡುತ್ತಾರೆ, ಒಂದು ವರ್ಷ. ಅದನ್ನು ಕೇಳೋಕೆ ಹೋದಾಗ ಆಫೀಸಿನಲ್ಲಿ ನನ್ನನ್ನು ನೋಡಿದ ರೀತಿ ಬಿಡು. ಕೊನೆಗೆ ಕೊಟ್ಟರು.

(ಚೇತೂ, ಈ ಪ್ಯಾರಾ ಜೋರಾಗಿ ಓದಬೇಡ, ಅಮ್ಮನಿಗೆ ಮಾತ್ರ.) ಶಾಲೆಯಲ್ಲಿ ಹಾಲು ತೆಗೆಯೋಕೆ ಜಾಗ ಇರಲಿಲ್ಲ ಅಮ್ಮ. ಗಣಿತದ ಲ್ಯಾಬಿನ ಉಗ್ರಾಣದಲ್ಲಿ, ಮಕ್ಕಳು ರಟ್ಟಿನಲ್ಲಿ ಮಾಡಿದ ಶಂಕು, ಸಿಲಿಂಡರ್‌ಗಳ ನಡುವೆ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಕೂರುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಒಂದು ದಿನ ಬಾಗಿಲು ಬಡಿದು "ಮ್ಯಾಮ್, ಗೋಳದ ಘನಫಲಕ್ಕೆ ಮಾಡೆಲ್ ಬೇಕಿತ್ತು" ಅಂದ. ನಾಳೆ ಬಾ ಮಾರಾಯ ಅಂತ ಕನ್ನಡದಲ್ಲೇ ಕೂಗಿದೆ. ಅವನು ಗುಜರಾತಿ. ಅರ್ಥ ಆಯ್ತು ಅನ್ನಿಸುತ್ತೆ, ಓಡಿದ.

ಶಾಲೆ ಹಾಗೇ ನಡೆಯುತ್ತಿದೆ. ಭಾನುವಾರದಿಂದ ಗುರುವಾರ. ಬೆಳಿಗ್ಗೆ 6ಕ್ಕೆ ಬಸ್ಸು. ನನಗೆ ಈ ವರ್ಷ ಎಂಟು, ಒಂಬತ್ತು, ಹತ್ತು ಮೂರಕ್ಕೂ ಗಣಿತ. ಇವರ ಕ್ಲಾಸಿನದೊಂದು ವಿಷಯ ಹೇಳಬೇಕು, ಅಪ್ಪನಿಗೆ ಇಷ್ಟ ಆಗುತ್ತೆ. ಇಲ್ಲಿ ಒಂದು ರಿಯಾಲಿಗೆ 1,000 ಬೈಸಾ. ಬೈಸಾ ಅಂದರೆ ನಮ್ಮ ಪೈಸೆಯೇ. 1970ರವರೆಗೆ ಇಲ್ಲಿ ನಡೆಯುತ್ತಿದ್ದುದು ರೂಪಾಯಿ. ಗಲ್ಫ್ ದೇಶಗಳಿಗೆ ಅಂತಲೇ ನಮ್ಮ ರಿಸರ್ವ್ ಬ್ಯಾಂಕು 1959ರಿಂದ ಬೇರೆ ಬಣ್ಣದ ನೋಟು ಅಚ್ಚು ಹಾಕುತ್ತಿತ್ತು. ಇವರು ಅದನ್ನು ಹೇಳಿದಾಗ ಒಬ್ಬಳು ಎದ್ದು ನಿಂತು, "ಸರ್, ಹಾಗಾದರೆ ಆಗ ಇಲ್ಲಿಂದ ಮನೆಗೆ ದುಡ್ಡು ಕಳಿಸೋರಿಗೆ ಏನು ಲಾಭ" ಅಂತ ಕೇಳಿದಳಂತೆ. ಗಲ್ಫ್ ಮಕ್ಕಳು! ಈಗ ರಿಯಾಲಿಗೆ 220 ರೂಪಾಯಿಯ ಮೇಲಿದೆ, ಅದೂ ಅವಳಿಗೆ ಬಾಯಿಪಾಠ.

ಜುಲೈ ಕೊನೆಯಲ್ಲಿ ಸಲಾಲಾಕ್ಕೆ ಹೋಗಿದ್ದು ನಿನಗೆ ಆಮೇಲೆ ತಿಳಿಸಿದ್ದಕ್ಕೆ ಇನ್ನೂ ಕೋಪ ಇದೆ ಅಂತ ಕಾಗದದಲ್ಲಿ ಕಂಡಿತು. ಆರು ತಿಂಗಳ ಮಗುವನ್ನು ಕಾರಿನಲ್ಲಿ ಸಾವಿರ ಕಿಲೋಮೀಟರ್ ಅಂದರೆ ನೀನು ಬಿಡುತ್ತಿದ್ದೆಯಾ? ಎರಡು ದಿನ ಮಾಡಿಕೊಂಡು ಹೋದೆವು, ಹೈಮಾದಲ್ಲಿ ರಾತ್ರಿ ಉಳಿದೆವು. ನಿಜ ಹೇಳಬೇಕು ಅಂದರೆ ಆ ದಾರಿಯಲ್ಲಿ ನೋಡೋಕೆ ಏನೂ ಇಲ್ಲ. ನಿಜವಾಗಲೂ ಏನೂ ಇಲ್ಲ. ಗೆರೆ ಎಳೆದ ಹಾಗೆ ರಸ್ತೆ, ಎರಡೂ ಕಡೆ ಬೋಳು. ಥುಮ್ರೈತ್ ದಾಟಿ ಘಾಟಿ ಇಳಿಯೋಕೆ ಶುರುವಾದರೆ ಇದ್ದಕ್ಕಿದ್ದ ಹಾಗೆ ಮಂಜು. ವೈಪರ್ ಹಾಕಬೇಕು. ಮಸ್ಕತ್ತಿನಲ್ಲಿ 40ರ ಮೇಲೆ ಬಿಸಿಲು ಬಿಟ್ಟು ಬಂದವರು ಕಿಟಕಿ ಇಳಿಸಿ ಚಳಿ ಅಂತ ಮತ್ತೆ ಏರಿಸಿದೆವು. ಹಸಿರು ಗುಡ್ಡ, ಸೋನೆ ಮಳೆ, ರಸ್ತೆ ಬದಿ ಎಳನೀರು, ಬಾಳೆಗೊನೆ, ಪಪ್ಪಾಯ ನೇತುಹಾಕಿದ ಅಂಗಡಿ ಸಾಲು. ಆಗುಂಬೆಯೇ ಅನ್ನಬೇಕು, ಆದರೆ ಮಂಜಿನೊಳಗಿಂದ ಎದುರಿಗೆ ಬಂದಿದ್ದು ಎಮ್ಮೆಯಲ್ಲ, ಒಂಟೆ. ಗಲ್ಫಿನ ಮೂಲೆ ಮೂಲೆಯಿಂದ ಜನ ಕಾರು ಮಾಡಿಕೊಂಡು ಬಂದು ಚಾಪೆ ಹಾಸಿ ಮಳೆಯಲ್ಲಿ ನೆನೆಯುತ್ತಾ ಕೂರುತ್ತಾರೆ ಅಮ್ಮ. ನಮ್ಮ ಮನೆ ಜಗಲಿಯನ್ನು ಇವರಿಗೆ ಬಾಡಿಗೆಗೆ ಕೊಟ್ಟರೆ ಅಡಿಕೆಯ ಹಂಗೇ ಬೇಡ.

ಅಲ್ಲಿ ಚಪ್ಪಲಿ ಬಿಟ್ಟು ಒದ್ದೆ ಹುಲ್ಲಿನ ಮೇಲೆ ನಡೆದೆ. ಅಪ್ಪ ನೆನಪಾದರು. ತೋಟಕ್ಕೆ ಬರಿಗಾಲಿನಲ್ಲೇ ಹೋಗಬೇಕು, ಮಣ್ಣು ತಾಗಬೇಕು ಅಂತ ಅವರು ಹೇಳೋದು.

ಈಗ ಹೇಳುತ್ತೇನೆ. ಅಪ್ಪಾ, ಇದು ನಿಮಗೆ.

ಜೂನಿನಲ್ಲಿ ನಾವು ಬಂದಾಗ ಒಂದು ಸಂಜೆ ನೀವು ಬಚ್ಚಲ ಕಟ್ಟೆಯ ಮೇಲೆ ಕೂತು, ಗಡ್ಡ ಕೆರೆದು ಬಿಟ್ಟ ಹಳೇ ಬ್ಲೇಡಿನಲ್ಲಿ ಕಾಲಿನ ಆಣಿ ಹೆರೆಯುತ್ತಿದ್ದಿರಿ. ಪೆನ್ಸಿಲ್ ಜೀವಿದ ಹಾಗೆ ಸುರುಳಿ ಸುರುಳಿ ಬೀಳುತ್ತಿತ್ತು. ನಾನು ಪುಟ್ಟಿಯನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದೆ. "ನೋವಾಗಲ್ವಾ ಅಪ್ಪ" ಅಂದೆ. "ಏನೂ ಗೊತ್ತಾಗಲ್ಲ ಮಗಾ" ಅಂದಿರಿ. ನಾನು ನಕ್ಕೆ. ನಕ್ಕು ಒಳಗೆ ಹೋದೆ. ಹದಿನಾಲ್ಕು ವರ್ಷದಿಂದ ಶುಗರ್ ಇರೋ ಮನುಷ್ಯ ಕಾಲಿನಲ್ಲಿ ಏನೂ ಗೊತ್ತಾಗಲ್ಲ ಅಂದರೆ ಅದರ ಅರ್ಥ ಏನು ಅಂತ ಗಣಿತದ ಟೀಚರಿಗೆ ಹೊಳೆಯಲಿಲ್ಲ. ಒಂದು ವಾರದಿಂದ ಅದೇ ತಲೆಯಲ್ಲಿ ತಿರುಗುತ್ತಿದೆ.

ನೋವಿಲ್ಲ, ನೋವಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೀರಲ್ಲ, ಅದೇ ಕಾಯಿಲೆ. ಶುಗರ್ ಜಾಸ್ತಿ ವರ್ಷ ಇದ್ದರೆ ಕಾಲಿನ ನರ ಸೋಲುತ್ತೆ. ಮುಳ್ಳು ಚುಚ್ಚಿದರೂ, ಸುಟ್ಟರೂ ತಿಳಿಯೋದಿಲ್ಲ. ರಕ್ತ ಓಡಾಟವೂ ಕಮ್ಮಿಯಾದರೆ ಗಾಯ ಮಾಯೋದಿಲ್ಲ. ಮೇಲೆ ಒಣಗಿದ ಹಾಗೆ ಕಂಡು ಒಳಗೇ ಮೂಳೆಯವರೆಗೆ ಇಳಿಯಬಹುದು. ಹೆದರಿಸುತ್ತಿಲ್ಲ. ಸರಿ, ಹೆದರಿಸುತ್ತಲೇ ಇದ್ದೇನೆ.

ಪೇಟೆಯ ಡಾಕ್ಟ್ರು ಮುಲಾಮು ಕೊಟ್ಟಿದ್ದಾರೆ ಅಂದಿರಿ. ಆರು ವಾರದ ಗಾಯಕ್ಕೆ ಮುಲಾಮು ಸಾಲದು. ಮಣಿಪಾಲಕ್ಕೆ ಹೋಗಿ. ಎಕ್ಸ್‌ರೇ ತೆಗೆದು ಮೂಳೆ ನೋಡಬೇಕು, ಡಾಪ್ಲರ್ ಮಾಡಿ ಕಾಲಿಗೆ ರಕ್ತ ಹೋಗುತ್ತಿದೆಯಾ ನೋಡಬೇಕು, ಮೂರು ತಿಂಗಳ ಶುಗರ್ ತೋರಿಸೋ ಎಚ್‌ಬಿಎ1ಸಿ ಮಾಡಿಸಬೇಕು. ಕೊಯ್ಲು ಮುಗಿಯಲಿ ಅನ್ನುತ್ತೀರಿ, ಗೊತ್ತು. ಅಡಿಕೆ ಗೊನೆ ಇಳಿಸೋ ಕೊನೆಗಾರ ಬಂದ ದಿನ ಬಿಟ್ಟರೆ ಮತ್ತೆ ಹದಿನೈದು ದಿನ ಅವನ ಮುಖ ಕಾಣೋದಿಲ್ಲ, ಅದೂ ಗೊತ್ತು. ಚೇತು ಅಂಗಳ ನೋಡಿಕೊಳ್ಳುತ್ತಾನೆ. ಒಂದು ಕೊಯ್ಲಿನ ಅಡಿಕೆ ಸ್ವಲ್ಪ ಹಣ್ಣಾದರೆ ಆಗಲಿ. ಚೇತುವಿನ ಖಾತೆಗೆ 40,000 ಹಾಕಿದ್ದೇನೆ. ಇದನ್ನು ಸಾಲ ಅಂತ ಡೈರಿಯಲ್ಲಿ ಬರೆದಿಡಬೇಡಿ, ಹೋದ ಸಲದ್ದನ್ನು ಬರೆದಿಟ್ಟಿದ್ದು ಅಮ್ಮ ಹೇಳಿದಳು.

ಅಲ್ಲಿಯವರೆಗೆ: ಬ್ಲೇಡು ಬಿಸಾಡಿ. ಅರಿಶಿನ, ಕೊಬ್ಬರಿ ಎಣ್ಣೆ ಗಾಯಕ್ಕೆ ಬೇಡ. ಒಳಗೂ ಹೊರಗೂ ಚಪ್ಪಲಿ. ಹವಾಯಿ ಚಪ್ಪಲಿ ಅಲ್ಲ, ಶುಗರ್ ಇರೋರಿಗೆ ಅಂತಲೇ ಮೆತ್ತನೆ ಎಂಸಿಆರ್ ಚಪ್ಪಲಿ ಸಿಗುತ್ತೆ, ಅದು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಬಗ್ಗೋಕೆ ಆಗದಿದ್ದರೆ ಕೆಳಗೆ ಕನ್ನಡಿ ಇಟ್ಟು ನೋಡಿ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ನಮ್ಮ ಉಗುರು ನೋಡುತ್ತಿದ್ದಿರಲ್ಲ ಮೇಷ್ಟ್ರೇ, ಒಬ್ಬರನ್ನೂ ಬಿಡದೆ, ಮಗಳನ್ನೂ ಬಿಡದೆ. ಹಾಗೆ.

ಮತ್ತೆ ಬಚ್ಚಲ ಹಂಡೆಯ ನೀರು. ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನ ಕುದಿ ನೀರು ಬರುತ್ತೆ. ಅದಕ್ಕೆ ಎಲ್ಲರೂ ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ತಣಿದ ನೀರನ್ನು ಸ್ನಾನಕ್ಕೆ ಬಳಸುತ್ತಾರೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು, ಉಲ್ಟಾ ಊರು. ಪುಟ್ಟಿಯನ್ನು ಇಳಿಸೋ ಮೊದಲು ನಾನು ಮೊಣಕೈ ಅದ್ದಿ ನೋಡುತ್ತೇನೆ, ಅಮ್ಮ ಕಲಿಸಿದ್ದು. ನೀವೂ ಕಾಲಿಗೆ ನೀರು ಹಾಕೋ ಮೊದಲು ಮೊಣಕೈ ಅದ್ದಿ ನೋಡಬೇಕು. ಕಾಲನ್ನು ಕೇಳಿದರೆ ಅದು ಸುಳ್ಳು ಹೇಳುತ್ತೆ.

ಅಮ್ಮ, ಪುಟ್ಟಿಯನ್ನು ಎರಡು ವರ್ಷ ಆಗೋವರೆಗೆ ನಿನ್ನ ಹತ್ತಿರ ಬಿಡು ಅಂದಿದ್ದೀಯ. ಇಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ, ತಪ್ಪು ಅಂತ ಅಲ್ಲ. ನನಗೆ ಆಗೋದಿಲ್ಲ. ಅಪ್ಪನ ಕಾಲು ಒಂದು ಕಡೆ, ಗೋಡೆ ಹಿಡಿದು ಓಡಾಡೋ ಇವಳು ಒಂದು ಕಡೆ, ನಿನಗೂ ಆಗೋದಿಲ್ಲ. ಬೇಜಾರು ಮಾಡ್ಕೋಬೇಡ. ದುಡ್ಡಿನ ಚಿಂತೆ ಬೇಡ, ನಮಗೆ ಏನೂ ತೊಂದರೆ ಇಲ್ಲ, ಚೆನ್ನಾಗಿದ್ದೇವೆ, ಕೆಲಸ ಗಟ್ಟಿ ಇದೆ, ಇವರು ಸಂಜೆ ಟ್ಯೂಷನ್ ಬಿಟ್ಟಿದ್ದು ಮಗುವಿಗಾಗಿ, ಬೇರೆ ಯಾವ ಕಾರಣವೂ ಇಲ್ಲ. ನಾನು ಸಣ್ಣಗೆ ಕಾಣೋದು ಫೋನಿನ ಕ್ಯಾಮೆರಾದಿಂದ. ನನ್ನ ಊಟ ನಿದ್ದೆ ಎಲ್ಲ ಸರಿಯಾಗಿದೆ.

25ರ ನಂತರ ಚಳಿಗಾಲದ ರಜೆ. ಮಂಗಳೂರಿಗೆ ಟಿಕೆಟ್ ನೋಡುತ್ತಿದ್ದೇನೆ, ನಾನೂ ಪುಟ್ಟಿಯೂ ಮಾತ್ರ. ಅಪ್ಪನಿಗೆ ಹೇಳಬೇಡ ಅಂತ ಬರೆಯೋಣ ಅಂದುಕೊಂಡೆ, ಅವರೇ ಓದುತ್ತಿದ್ದಾರಲ್ಲ. ನಾನು ಬಂದು ಕರೆದುಕೊಂಡು ಹೋಗೋವರೆಗೆ ಕಾಯೋದಲ್ಲ ಅಪ್ಪ. ಸೋಮವಾರವೇ ಹೋಗಬೇಕು. ಚೇತು ಗಾಡಿ ಹೇಳಿದ್ದಾನೆ.

ಪುಟ್ಟಿ ಎದ್ದಳು. ಇವರ ಕನ್ನಡಕ ಎಲ್ಲಿ ಅಂತ ಇವರು ಕೂಗುತ್ತಿದ್ದಾರೆ, ಅವಳ ಕೈಯಲ್ಲೇ ಇದೆ. ಸಾವಿತ್ರತ್ತೆಗೆ, ದೊಡ್ಡಮ್ಮನಿಗೆ ಕೇಳಿದೆ ಅಂತ ಹೇಳು. ಸೋಮವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ, ಹೆಂಚು ಬೇಡ, ಕಾಲು ತೋರಿಸಿ.

ನಿಮ್ಮ,
ಅಮ್ಮಿ