ಹಳೆ ಕಾರುಗಳ ಹೊಳಪಿನ ಜೊತೆಗೆ ಆರೈಕೆಯ ಮಾತೂ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಈಚೆಗೆ ಹಳೆ ಕಾರುಗಳ ಬಗ್ಗೆ ಎರಡು ಪುಟ ತುಂಬಾ ಚಿತ್ರಗಳು ಬಂದಿದ್ದವು. ಖುಷಿಯಿಂದ ನೋಡಿದೆ. ಜೊತೆಗಿದ್ದ ಲೇಖನದಲ್ಲಿ ಬಣ್ಣ, ಕ್ರೋಮು, ಸೀಟಿನ ಚರ್ಮ, ಯಾವ ಕಾರು ಯಾವ ಇಸವಿಯದು, ಎಲ್ಲಾ ಇತ್ತು. ಬ್ರೇಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಗ್ರೀಸಿನ ಮಾತಂತೂ ಇಲ್ಲವೇ ಇಲ್ಲ. ಓದಿದವರಿಗೆ, ಒಮ್ಮೆ ರಿಪೇರಿ ಮಾಡಿಸಿ ಬಣ್ಣ ಹೊಡೆಸಿಬಿಟ್ಟರೆ ಹಳೆ ಕಾರು ಹೊಸದಾಗಿಬಿಡುತ್ತದೆ ಅನ್ನಿಸುತ್ತದೆ. ಹಾಗೆ ನಂಬಿ ರಸ್ತೆಗಿಳಿಯುವುದು ಅಪಾಯ. ಅದಕ್ಕೇ ಈ ಪತ್ರ.

ನಾನು ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವಳು. ರಜೆಯ ದಿನಗಳಲ್ಲಿ ಗೆಳೆಯರ ಜೊತೆ ಸೇರಿ, ನಮ್ಮಲ್ಲೊಬ್ಬರ ಮನೆಯ ಹಿಂದಿರುವ ಶೆಡ್ಡಿನಲ್ಲಿ ಹಳೆ ಕಾರುಗಳ ಕೆಲಸ ಮಾಡುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬರು ಲೇತ್ ಮೇಲೆ ಕೈ ಪಳಗಿದವರು, ಒಬ್ಬರಿಗೆ ವೈರಿಂಗ್ ಚೆನ್ನಾಗಿ ಗೊತ್ತು, ಒಬ್ಬಳು ವೆಲ್ಡಿಂಗ್ ಕಲಿತವಳು. ನೋಟ್‌ಬುಕ್ ಇಡುವ ಕೆಲಸ ನನ್ನ ಪಾಲಿಗೆ ಬಂತು. ಯಾವ ದಿನ ಏನು ಬಿಚ್ಚಿದೆವು, ಎಷ್ಟು ಗ್ಯಾಪ್ ಇಟ್ಟೆವು, ಯಾವ ಆಯಿಲ್ ಹಾಕಿದೆವು, ಮೀಟರ್ ಎಷ್ಟಿತ್ತು, ಎಲ್ಲಾ ಅದರಲ್ಲಿರುತ್ತದೆ. ಸ್ಪ್ಯಾನರ್ ಹಿಡಿಯೋಕೂ ಬರುತ್ತದೆ. ಆದರೆ ಆ ನೋಟ್‌ಬುಕ್ಕೇ ನನಗೆ ಹೆಚ್ಚು ಹೆಮ್ಮೆ.

ಸದ್ಯ ನಮ್ಮ ಶೆಡ್ಡಿನಲ್ಲಿ ಇರುವುದು ಮಾರಿಸ್ ಮೈನರ್ ಅನ್ನೋ ಬ್ರಿಟಿಷ್ ಕಾರು, 948 ಸಿಸಿ ಎಂಜಿನ್ನಿನದು. ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಈ ಕಾರು ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ತಯಾರಿಕೆ ಶುರುವಾಗುವ ಹೊತ್ತಿಗೆ ಇಸಿಗೊನಿಸ್ ಅವರಿಗೆ ಕಾರು ಸ್ವಲ್ಪ ಕಿರಿದಾಯಿತು ಅನ್ನಿಸಿತಂತೆ. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ನಡುವೆ ಜಾಗ ಬಿಟ್ಟು, 4 ಇಂಚು ಅಗಲ ಮಾಡಿದರು. ಅಷ್ಟರಲ್ಲಿ ಬಂಪರುಗಳು ತಯಾರಾಗಿದ್ದವು. ಅವನ್ನೂ ಕತ್ತರಿಸಿ ನಡುವೆ ಒಂದು ತುಂಡು ಸೇರಿಸಿದರು. ಮೊದಮೊದಲ ಕಾರುಗಳಲ್ಲಿ ಆ ತುಂಡು ಕಾಣುತ್ತದೆ. ಬಾನೆಟ್ಟಿನ ನಡುವೆ ಉದ್ದಕ್ಕೆ ಹೋಗುವ ಚಪ್ಪಟೆ ಪಟ್ಟಿ ಕೂಡ ಆ ನಾಲ್ಕು ಇಂಚಿನದೇ. ಚಿತ್ರದಲ್ಲಿ ನೋಡಿದರೆ ಅದು ಅಂದಕ್ಕೆ ಮಾಡಿದ ಗೆರೆ ಅನ್ನಿಸುತ್ತದೆ. ಬಾನೆಟ್ ಬಿಚ್ಚಿ ಬೆಂಚಿನ ಮೇಲಿಟ್ಟು ಉಜ್ಜುವಾಗ, ಕೈ ಆ ಪಟ್ಟಿಯ ಮೇಲೆ ಹೋದಾಗ, ಕಾರು ಮಾಡಿದವರ ಅವಸರವೂ ಜಾಣತನವೂ ಅರ್ಥವಾಗುತ್ತದೆ.

ಇದೇ ಕಾರಿನ ಮುಂದಿನ ಚಕ್ರದ ಹಿಂದೆ ಟ್ರನಿಯನ್ ಅನ್ನೋ ಒಂದು ಭಾಗವಿದೆ. ಮೇಲೊಂದು, ಕೆಳಗೊಂದು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಇವೆರಡರ ನಡುವಿನ ಪಿನ್ನಿನ ಜೊತೆ. ಪಿನ್ನಿನ ಎರಡೂ ತುದಿಗೆ ಬೋಲ್ಟಿಗಿರುವಂಥ ಥ್ರೆಡ್ ಇದೆ. ಇಡೀ ಮುಂಭಾಗದ ಭಾರ ಆ ಥ್ರೆಡ್ಡಿನ ಮೇಲೆ. ಗ್ರೀಸ್ ಸಿಕ್ಕರೆ ಅದು ದಶಕಗಟ್ಟಲೆ ಬಾಳುತ್ತದೆ. ಗ್ರೀಸ್ ಇಲ್ಲದಿದ್ದರೆ ಥ್ರೆಡ್ ಸವೆಯುತ್ತಾ ಬಂದು, ಒಂದು ದಿನ ಪಿನ್ ಕಳಚಿಕೊಂಡು ಚಕ್ರ ಮಡಚಿ ಬೀಳುತ್ತದೆ. ಸುಮಾರು 1,600 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆಯಬೇಕು. ಅದನ್ನೂ ಸುಮ್ನೆ ಹೊಡೆದರೆ ಸಾಲದು. ಚಕ್ರವನ್ನು ನೆಲದಿಂದ ಎತ್ತಿ ಭಾರ ಇಳಿಸಬೇಕು. ಇಲ್ಲದಿದ್ದರೆ ಒತ್ತಿಕೊಂಡಿರುವ ಕಡೆಗೆ ಗ್ರೀಸ್ ಹೋಗುವುದಿಲ್ಲ. ನಾವು ಮಾಡುವುದು ಹೀಗೆ: ಗ್ರೀಸ್ ತುಂಬುವ ನಿಪ್ಪಲ್ಲಿನ ತುದಿಯನ್ನು ಬಟ್ಟೆಯಿಂದ ಒರೆಸುತ್ತೇವೆ, ಗ್ರೀಸ್ ಗನ್ ಹಚ್ಚುತ್ತೇವೆ, ಒಬ್ಬರು ಚಕ್ರವನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸುತ್ತಾ ಇರುತ್ತಾರೆ. ಮೊದಲು ಕಪ್ಪಗಿನ ಹಳೆ ಗ್ರೀಸ್ ಅಂಚಿನಿಂದ ಹೊರಬರುತ್ತದೆ. ಆಮೇಲೆ ಕಂದು. ಹೊಸ ಗ್ರೀಸಿನ ಬಣ್ಣ ಕಾಣುವ ತನಕ ಬಿಡುವುದಿಲ್ಲ. ಮೊದಲ ಸಲವೇ ತುಕ್ಕು ಬೆರೆತ ನೀರು ಬಂದರೆ, ಆ ಕಾರು ಅಲ್ಲಿಂದ ಕದಲಬಾರದು. ಬಿಚ್ಚಿ ನೋಡಲೇಬೇಕು.

ನಿಮ್ಮ ಲೇಖನ ಓದಿದ ಯಾರಾದರೂ ಒಂದು ಹಳೆ ಮೈನರ್ ಕೊಂಡರು ಅಂತಿಟ್ಟುಕೊಳ್ಳಿ. ಬಣ್ಣ ಚೆನ್ನಾಗಿದೆಯಾ ಅಂತ ನೋಡುತ್ತಾರೆ. ಟ್ರನಿಯನ್ ಅನ್ನೋದು ಇದೆ ಅಂತ ಅವರಿಗೆ ಯಾರು ಹೇಳಬೇಕು?

ಬ್ರೇಕಿನದೂ ಇದೇ ಕಥೆ, ಇನ್ನೂ ಗಂಭೀರ. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲಿಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಮೈನರ್‌ನಲ್ಲಿ, ಆ ಕಾಲದ ಎಷ್ಟೋ ಕಾರುಗಳಲ್ಲಿ, ಇರುವುದು ಒಂದೇ ದಾರಿ. ಒಂದು ಚಕ್ರದ ಬ್ರೇಕ್ ಸಿಲಿಂಡರ್ ಪೂರ್ತಿ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಸಾಮಾನ್ಯವಾಗಿ ಹಾಕುವ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ಆ ನೀರು ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಕುದಿದು ಪೆಡಲ್ ಮೆತ್ತಗಾಗುವುದಕ್ಕೂ ಅದೇ ಕಾರಣ. ಕಾರು ಓಡಿಸಿ, ಬಿಡಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಲೇಬೇಕು. ನಿಂತ ಕಾರಿಗಂತೂ ಇದು ಜಾಸ್ತಿ ಬೇಕು. ಯಾಕಂದರೆ ಓಡಾಡದ ಸಿಲಿಂಡರಿನ ರಬ್ಬರು ಒಂದೇ ಕಡೆ ಅಂಟಿಕೊಂಡು ಕೂತಿರುತ್ತದೆ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿರುವ ಪುಡಿಯನ್ನು ಊದಬೇಡಿ. ಏರ್ ಹೊಡೆಯಲೂ ಬೇಡಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಉಳಿದುಬಿಡಬಹುದು, ಕ್ಯಾನ್ಸರ್ ತರಬಹುದು. ನಾವು ಸರಿಯಾದ ಮಾಸ್ಕ್ ಹಾಕಿ, ನೀರು ಸಿಂಪಡಿಸಿ ಒದ್ದೆ ಮಾಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯೇ ಇಡುತ್ತೇವೆ. ಹಾಗೆಯೇ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನಮ್ಮಲ್ಲಿ ಯಾರೂ ತಲೆ ಹಾಕುವುದಿಲ್ಲ. ಗಟ್ಟಿ ನೆಲ, ಸ್ಟ್ಯಾಂಡು, ಉಳಿದ ಚಕ್ರಗಳಿಗೆ ಕಟ್ಟಿಗೆಯ ತಡೆ. ಇಷ್ಟಿಲ್ಲದೆ ಕೆಳಗಿನ ಕೆಲಸ ಶುರುವಾಗುವುದೇ ಇಲ್ಲ. ಮನೆಯಲ್ಲಿ ಕೆಲಸ ಮಾಡುವವರು ಇದನ್ನು ಓದಬೇಕು, ಪತ್ರಿಕೆಯಲ್ಲೇ ಓದಬೇಕು ಅಂತ ನನಗೆ ತುಂಬಾ ಆಸೆ.

ಗೆಳೆಯರು ಯಾಕೆ ಬೇಕು ಅನ್ನೋದೂ ಈ ಕೆಲಸಗಳಲ್ಲೇ ಗೊತ್ತಾಗುತ್ತದೆ. ಬ್ರೇಕ್ ಲೈನಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ಹೊರಗಿನವರು ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಹಾಗಾಗಿ ಇಬ್ಬರೂ ಜೋರಾಗಿ ಕೂಗಿ ಹೇಳಿಕೊಳ್ಳುತ್ತಾರೆ. ಟಪೆಟ್ ಸೆಟ್ಟಿಂಗ್, ಅಂದರೆ ಎಂಜಿನ್ ವಾಲ್ವುಗಳ ಗ್ಯಾಪ್ ಹೊಂದಿಸುವುದು, ನನಗೆ ಬಹಳ ಇಷ್ಟದ ಕೆಲಸ, ಅದರಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಈ ಎಂಜಿನ್ನಿನಲ್ಲಿ ಎಂಟು ವಾಲ್ವುಗಳು ಒಂದೇ ಸಾಲಿನಲ್ಲಿವೆ. ಒಂದನೆಯದು ಪೂರ್ತಿ ತೆರೆದಿರುವಾಗ ಎಂಟನೆಯದರ ಗ್ಯಾಪ್ ನೋಡಬೇಕು. ಮೂರನೆಯದು ತೆರೆದಾಗ ಆರನೆಯದು. ಐದಕ್ಕೆ ನಾಲ್ಕು. ಎರಡಕ್ಕೆ ಏಳು. ಯಾವಾಗಲೂ ಕೂಡಿದರೆ ಒಂಬತ್ತು. ಒಬ್ಬರು ಮುಂದೆ ಕ್ರ್ಯಾಂಕ್ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾರೆ. ನಾನು ಸಂಖ್ಯೆ ಕೂಗುತ್ತೇನೆ. ಇನ್ನೊಬ್ಬರು 0.3 ಮಿಲಿಮೀಟರ್ ಫೀಲರ್ ಗೇಜ್, ಅಂದರೆ ಗ್ಯಾಪ್ ಅಳೆಯುವ ತೆಳು ಪಟ್ಟಿ, ತೂರಿಸಿ, ಹಿಡಿದೂ ಹಿಡಿಯದ ಹಾಗೆ ಜಾರುವ ತನಕ ಸ್ಕ್ರೂ ತಿರುಗಿಸುತ್ತಾರೆ. ಎಂಜಿನ್ ತಣ್ಣಗಿರಬೇಕು, ಅಷ್ಟೆ. ಆ ಜಾರುವ ಹದ ಪುಸ್ತಕ ಓದಿ ಬರುವುದಿಲ್ಲ. ಗೊತ್ತಿದ್ದವರು ಗೇಜನ್ನು ನಮ್ಮ ಕೈಗೆ ಕೊಟ್ಟು, ಸರಿಯಾದದ್ದನ್ನೂ ಬಿಗಿಯಾದದ್ದನ್ನೂ ಎಳೆದು ನೋಡು ಅಂದರೆ ಮಾತ್ರ ಬರುತ್ತದೆ.

ಎಸ್‌ಯು ಕಂಪನಿಯ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಅದನ್ನು ಹೊಂದಿಸುವುದೂ ಹಾಗೇ ಕಿವಿಯಿಂದ ಕಲಿಯುವ ವಿದ್ಯೆ. ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಮೇಲೆತ್ತಬೇಕು. ಓಟ ಜೋರಾಗಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಎಂಜಿನ್ ತಡವರಿಸಿ ನಿಂತರೆ ಕಮ್ಮಿ. ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ.

ಕಾರನ್ನು ಓಡಿಸದೆ ಇಟ್ಟರೆ ಚೆನ್ನಾಗಿ ಉಳಿಯುತ್ತದೆ ಎಂಬ ಭಾವನೆ ಹಲವರಿಗಿದೆ. ನಿಮ್ಮ ಲೇಖನದಲ್ಲೂ, ವರ್ಷಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಕಾರನ್ನು ಹೊಗಳಿದ್ದರು. ನಿಂತಲ್ಲೇ ನಿಂತ ಟೈರು ಒಂದು ಕಡೆ ಚಪ್ಪಟೆಯಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಆರಿದರೆ ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಅಂಟು ಬಿಡುತ್ತದೆ. ಕೆಲವರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿದು ತುಕ್ಕು ಹಿಡಿಸುತ್ತದೆ. ಸ್ಟಾರ್ಟ್ ಮಾಡಿದರೆ ಓಡಿಸಬೇಕು. ಆಯಿಲ್ ಚೆನ್ನಾಗಿ ಬಿಸಿಯಾಗಿ, ಬ್ರೇಕು ಗೇರು ಎಲ್ಲಾ ಕೆಲಸ ಮಾಡುವಷ್ಟು ದೂರ ಹೋಗಿ ಬರಬೇಕು.

ಪೆಟ್ರೋಲಿನ ಮಾತು ಬಂತು, ಅದನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ಎಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಆ ಸೀಸ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಮನುಷ್ಯರಿಗೆ ಅದು ವಿಷ. 2021ರಲ್ಲಿ ಅಲ್ಜೀರಿಯಾ ಕೂಡ ಮಾರಾಟ ನಿಲ್ಲಿಸಿದ ಮೇಲೆ ಕಾರುಗಳಿಗೆ ಅಂಥ ಪೆಟ್ರೋಲ್ ಜಗತ್ತಿನ ಯಾವ ಬಂಕಿನಲ್ಲೂ ಇಲ್ಲ. ಒಳ್ಳೆಯದೇ ಆಯಿತು. ಎಂಜಿನ್ನಿನ ಹೆಡ್ ಬಿಚ್ಚಿದಾಗ ವಾಲ್ವುಗಳಿಗೆ ಗಟ್ಟಿ ಲೋಹದ ಸೀಟ್ ಹಾಕಿಸಿಕೊಂಡರೆ ತೊಂದರೆ ಇಲ್ಲ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ಪೈಪು ಮೆತ್ತಗಾಗಿ ಬಿರುಕು ಬಿಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ, ಅಲ್ವಾ? ಎಥನಾಲ್ ತಡೆಯುವ ಪೈಪಿಗೆ ಬದಲಾಯಿಸುವುದು ಸಣ್ಣ ಖರ್ಚು.

ಇನ್ನು ಬಣ್ಣದ ವಿಷಯ. ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಹೊಡೆಯಲೇಬೇಕು. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಕ್ಕೆ ಅಡ್ಡ ಕಂಬಿ ಬೆಸೆಯದಿದ್ದರೆ ಬಾಡಿ ಬಾಗಿ, ಆಮೇಲೆ ಬಾಗಿಲೇ ಕೂರುವುದಿಲ್ಲ. ನನ್ನ ಬೇಸರ ಪುಟ್ಟಿಯ ಬಗ್ಗೆ. ಕೊಳೆತ ಸಿಲ್ ಮೇಲೆ ಪುಟ್ಟಿ ಮೆತ್ತಿ ಹೊಳೆಯುವ ಬಣ್ಣ ಹೊಡೆದ ಕಾರು ಚಿತ್ರದಲ್ಲಿ ಗೆಲ್ಲುತ್ತದೆ. ನಿಮ್ಮ ಛಾಯಾಗ್ರಾಹಕರು ಒಂದು ಸಣ್ಣ ಆಯಸ್ಕಾಂತ ಜೊತೆಗಿಟ್ಟುಕೊಳ್ಳಲಿ. ಬಟ್ಟೆಯಲ್ಲಿ ಸುತ್ತಿ ಸಿಲ್ಲಿಗೆ ಹಿಡಿದರೆ, ತಗಡು ಇರುವಲ್ಲಿ ಅಂಟುತ್ತದೆ, ದಪ್ಪ ಪುಟ್ಟಿ ಇರುವಲ್ಲಿ ಬೀಳುತ್ತದೆ.

ಇನ್ನೊಂದು ಕಡೆ, ಮೂಲ ಬಣ್ಣವೇ ಇನ್ನೂ ಗಟ್ಟಿಯಾಗಿರುವ ಕಾರನ್ನು ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಸುವುದನ್ನೂ ನೋಡಿದ್ದೇನೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ, ಕಡೇ ಪಕ್ಷ 30 ವರ್ಷ ಹಳೆಯದಾಗಿದ್ದು, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದದ್ದು ಐತಿಹಾಸಿಕ ವಾಹನ. ಕಾಪಾಡಿಕೊಂಡು ಬಂದದ್ದು ಅನ್ನೋದನ್ನು ಗಮನಿಸಿ. ಸ್ಟೀರಿಂಗಿನ ಮೇಲೆ ಕೈ ಸವೆದ ಗುರುತು, ಫ್ಯಾಕ್ಟರಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಅಂಕಿ, ಇವು ಒಮ್ಮೆ ಹೋದರೆ ಹೋದವೇ. ನಮ್ಮ ಕಾರಿನಲ್ಲಿ ಬದಲಾಯಿಸಿದ ಪ್ರತಿ ಬಿಡಿಭಾಗವನ್ನೂ ನಾನು ಚೀಟಿ ಕಟ್ಟಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಮೂಲದ್ದು ಹೇಗಿತ್ತು ಅಂತ ಕೇಳಿದರೆ ತೋರಿಸೋಕೆ ಇರಬೇಕು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಹಳೆ ಕಾರಿನ ಚಿತ್ರ ಹಾಕುವಾಗ ಅದರ ಮಾಲೀಕರನ್ನು ಮೂರು ಪ್ರಶ್ನೆ ಕೇಳಿ: ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ, ಕಳೆದ ತಿಂಗಳು ಎಷ್ಟು ಓಡಿಸಿದಿರಿ, ಕೆಲಸ ಮಾಡಿದವರು ಯಾರು. ಆ ಮೂರನೆಯ ಉತ್ತರವನ್ನು ಚಿತ್ರದ ಕೆಳಗೆ ಹೆಸರಿನ ಸಮೇತ ಹಾಕಿ. ಟಿಂಕರಿಂಗ್ ಮಾಡಿದವರು, ವೈರಿಂಗ್ ಮಾಡಿದವರು, ಬುಷ್ ತಿರುವಿ ಕೊಟ್ಟವರು, ಎಲ್ಲರ ಹೆಸರೂ ಬರಲಿ. ಪುರವಣಿಯಲ್ಲಿ ಆರೈಕೆಗೆ ಅಂತ ಒಂದು ಸಣ್ಣ ಅಂಕಣಕ್ಕೆ ಜಾಗ ಕೊಟ್ಟರೆ, ನಮ್ಮ ನೋಟ್‌ಬುಕ್ಕಿನ ಪುಟಗಳನ್ನು ಅಚ್ಚುಕಟ್ಟಾಗಿ ಬರೆದು ಕಳಿಸಲು ನಾನು ಸಿದ್ಧ. ಮೊದಲ ಕಂತಿಗೆ ಬ್ರೇಕ್, ಎರಡನೆಯದಕ್ಕೆ ಟ್ರನಿಯನ್. ಬಣ್ಣದ ಸರದಿ ಆಮೇಲೆ ಬರಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು